ಹಲ್ಲು ತಾಗುವ ಮೊದಲೇ ಬೀಳುವ ಸೈಕಲ್: ಅಟ್ಟಿಸಿಕೊಂಡು ಬರುವ ನಾಯಿ, ಎರಗುವ ಹಕ್ಕಿ ಮತ್ತು ಸವಾರನ ಲೆಕ್ಕಾಚಾರ

ಕರ್ನಾಟಕದಲ್ಲಿ 2024ರಲ್ಲಿ ದಾಖಲೆಗೆ ಬಂದ ನಾಯಿ ಕಡಿತ ಸುಮಾರು 3.6 ಲಕ್ಷ, ರೇಬೀಸ್‌ನಿಂದ ತೀರಿಕೊಂಡವರು 42 ಮಂದಿ. ಬೀದಿನಾಯಿಗಳ ಬಗ್ಗೆ ಈಗ ನಡೆಯುತ್ತಿರುವ ಜಗಳವೆಲ್ಲ ಹೆಚ್ಚುಕಡಿಮೆ ಈ ಬಗೆಯ ಅಂಕಿಗಳ ಸುತ್ತಲೇ ಇದೆ. ಸೈಕಲ್ ತುಳಿಯುವವರ ಮಟ್ಟಿಗೆ ಈ ಲೆಕ್ಕದಲ್ಲಿ ಒಂದು ದೊಡ್ಡ ತೂತಿದೆ. ನಾಯಿ ಅಟ್ಟಿಸಿಕೊಂಡು ಬಂತು, ಸವಾರ ಗಾಬರಿಯಲ್ಲಿ ಹ್ಯಾಂಡಲ್ ತಿರುಗಿಸಿದ, ಡಿವೈಡರ್‌ಗೆ ಬಡಿದು ಭುಜದ ಮೂಳೆ ಮುರಿಯಿತು. ಇದು ಎಲ್ಲಿ ದಾಖಲಾಗಬೇಕು? ಹಲ್ಲು ತಾಗಿಲ್ಲ, ಆದ್ದರಿಂದ ನಾಯಿ ಕಡಿತವಲ್ಲ. ಬೇರೆ ವಾಹನ ಗುದ್ದಿಲ್ಲ, ಆದ್ದರಿಂದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವವರೂ ಇಲ್ಲ. ಆಸ್ಪತ್ರೆಯ ಚೀಟಿಯಲ್ಲಿ ‘ಬಿದ್ದು ಗಾಯ’ ಎಂದಷ್ಟೇ ಬರೆದಿರುತ್ತದೆ.

ಹೊಸದಾಗಿ ಸೈಕಲ್ ಕೊಂಡವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ‘ನಾಯಿ ಬಂದರೆ ಏನು ಮಾಡೋದು?’ ಎನ್ನುವುದು ಇದ್ದೇ ಇರುತ್ತದೆ. ‘ಜೋರಾಗಿ ತುಳಿ’ ಎಂದು ಒಬ್ಬರು, ‘ನಿಂತುಬಿಡು’ ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ಕೆಲವೊಮ್ಮೆ ಸರಿ. ನಾಯಿಯ ಮುಂದೆ ನಿಲ್ಲುವುದು ಜಾಣತನವಾದರೆ ಹೆಜ್ಜೇನಿನ ಮುಂದೆ ನಿಲ್ಲುವುದು ಅಪಾಯ. ಕೋತಿಯನ್ನು ದಿಟ್ಟಿಸಬಾರದು, ಎರಗುವ ಹಕ್ಕಿಯನ್ನು ದಿಟ್ಟಿಸಬೇಕು. ಹಾಗಾಗಿ ಎಲ್ಲಕ್ಕೂ ಒಂದೇ ಮಂತ್ರ ಹುಡುಕುವ ಬದಲು, ಎದುರಿಗಿರುವ ಪ್ರಾಣಿ ಏನನ್ನು ಕಾಯುತ್ತಿದೆ ಎಂದು ತಿಳಿದುಕೊಳ್ಳುವುದು ಮೇಲು.

ನಾಯಿಗೆ ಸೈಕಲ್ ಮೇಲೇ ಯಾಕೆ ಕಣ್ಣು?

ಓಡುವುದನ್ನು ಕಂಡರೆ ಅಟ್ಟುವುದು ನಾಯಿಯ ಹುಟ್ಟುಗುಣ. ಬೇಟೆಯ ಸರಣಿಯಲ್ಲಿ ನೋಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು ಎಂಬ ಮೆಟ್ಟಿಲುಗಳಿವೆ. ಬೀದಿನಾಯಿ ಬಹಳ ಸಲ ಮೂರನೆಯದರಲ್ಲೇ ನಿಂತುಬಿಡುತ್ತದೆ. ನಡೆದು ಹೋಗುವವರು ಅದಕ್ಕೆ ದಿನನಿತ್ಯದ ನೋಟ. ಕಾರು ದೊಡ್ಡದು, ಕಾಲು ಕಾಣುವುದಿಲ್ಲ. ಸೈಕಲ್ ಇವೆರಡರ ನಡುವಿನದು: ಸದ್ದಿಲ್ಲದೆ ಹತ್ತಿರ ಬಂದು ಫಕ್ಕನೆ ಎದುರಾಗುತ್ತದೆ, ನಾಯಿಯ ಮೂತಿಯ ಮಟ್ಟದಲ್ಲೇ ಎರಡು ಕಾಲು ಮೇಲೆ ಕೆಳಗೆ ಆಡುತ್ತಿರುತ್ತವೆ, ವೇಗವೂ ಓಡಿ ಹಿಡಿಯಬಹುದಾದಷ್ಟೇ. ಮೇಲಾಗಿ, ಅಟ್ಟಿದಾಗಲೆಲ್ಲ ಸೈಕಲ್ ದೂರ ಹೋಗುತ್ತದೆ. ನಾಯಿಯ ಲೆಕ್ಕದಲ್ಲಿ ಅದು ಗೆಲುವು, ಹಾಗಾಗಿ ಮಾರನೆಯ ದಿನವೂ ಅಟ್ಟುತ್ತದೆ.

ಎರಡನೆಯದು ಗಡಿ. ಬೀದಿನಾಯಿಗಳ ಗುಂಪಿಗೆ ತನ್ನದೇ ಆದ ಎಲ್ಲೆ ಇರುತ್ತದೆ, ಅದು ಬಹುಮಟ್ಟಿಗೆ ಊಟದ ಸುತ್ತ ಗಟ್ಟಿಯಾಗುತ್ತದೆ: ಕೋಳಿ ಅಂಗಡಿಯ ಹಿಂಬದಿ, ಬೇಕರಿಯ ಮುಂದಿನ ಜಗಲಿ, ಕಸ ಸುರಿಯುವ ಮೂಲೆ, ಯಾರೋ ದಿನವೂ ಅನ್ನ ಹಾಕುವ ತಿರುವು. ಇದಕ್ಕೆ ಹೊತ್ತೂ ಸೇರುತ್ತದೆ. ಬಿಸಿಲೇರಿದ ಮೇಲೆ ಕಾರಿನಡಿ ಮಲಗುವ ನಾಯಿಗಳು ನಸುಕಿನಲ್ಲಿ ಮತ್ತು ಕತ್ತಲಾದ ಮೇಲೆ ಚುರುಕು. ಸೈಕಲ್ ಮಂದಿ ಹೊರಡುವುದೂ ಬೆಳಗಿನ ಐದೂವರೆಗೆ, ರಸ್ತೆ ಖಾಲಿಯಿದ್ದಾಗ. ಟ್ರಾಫಿಕ್ ಇಲ್ಲವೆಂದು ನಾವು ಆರಿಸಿಕೊಂಡ ಹೊತ್ತೇ ಬೀದಿ ಪೂರ್ತಿ ನಾಯಿಗಳ ವಶದಲ್ಲಿರುವ ಹೊತ್ತು.

ಮೂರನೆಯದು ಮರಿ. ನಮ್ಮ ಬೀದಿನಾಯಿಗಳು ಹೆಚ್ಚಾಗಿ ಮಳೆಗಾಲ ಮುಗಿಯುವಾಗ ಕೂಡಿ ಚಳಿಗಾಲದಲ್ಲಿ ಮರಿ ಹಾಕುತ್ತವೆ. ನವೆಂಬರ್‌ನಿಂದ ಫೆಬ್ರುವರಿವರೆಗೆ, ಅದುವರೆಗೂ ಬಾಲ ಅಲ್ಲಾಡಿಸುತ್ತಿದ್ದ ಹೆಣ್ಣುನಾಯಿ ಚರಂಡಿ ಮೋರಿಯೊಳಗಿಂದ ಬಾಣದಂತೆ ನುಗ್ಗಿದರೆ ಅಚ್ಚರಿಯಿಲ್ಲ. ಗಡಿ ಕಾಯುವ ನಾಯಿ ಬೊಗಳಿ ಎಚ್ಚರಿಸುತ್ತದೆ. ಮರಿ ಹಾಕಿದ ತಾಯಿ ಆ ಸೌಜನ್ಯ ತೋರಿಸುವುದು ಕಡಿಮೆ.

ಓಡಿ ತಪ್ಪಿಸಿಕೊಳ್ಳಬಹುದೇ?

ಗುಣಾಕಾರ ಮಾಡಿ ನೋಡೋಣ. ಸಮತಟ್ಟು ರಸ್ತೆಯಲ್ಲಿ ಸಾಧಾರಣ ಸವಾರ ಬೆವರಿಳಿಸಿ ತುಳಿದರೆ ಗಂಟೆಗೆ 25 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಆರೋಗ್ಯವಾಗಿರುವ ಬೀದಿನಾಯಿ ಸ್ವಲ್ಪ ದೂರದ ಮಟ್ಟಿಗೆ 35 ಕಿ.ಮೀ. ವೇಗದಲ್ಲಿ ಓಡುತ್ತದೆಂದು ಹಿಡಿಯಿರಿ, ಸೆಕೆಂಡಿಗೆ ಹತ್ತಿರ ಹತ್ತಿರ 10 ಮೀಟರ್. ಇಪ್ಪತ್ತು ಮೀಟರ್ ಹಿಂದಿರುವ ನಾಯಿ ಸುಮಾರು ಏಳು ಸೆಕೆಂಡಿನಲ್ಲಿ ಪೆಡಲ್ ಪಕ್ಕದಲ್ಲಿರುತ್ತದೆ. ಅಷ್ಟರಲ್ಲಿ ಸವಾರ ಸಾಗಿರುವುದು ಸುಮಾರು ಐವತ್ತು ಮೀಟರ್ ಅಷ್ಟೇ. ಅಷ್ಟರೊಳಗೆ ಅದರ ಎಲ್ಲೆ ಮುಗಿದಿದ್ದರೆ ಬಚಾವ್, ಇಲ್ಲದಿದ್ದರೆ ಇಲ್ಲ. ಏರಿನಲ್ಲಿ ಈ ಮಾತೇ ಬೇಡ.

ಇನ್ನೊಂದು ಕಡೆಯ ಲೆಕ್ಕ ಬ್ರೇಕಿನದು. ಒಣ ಡಾಂಬರಿನ ಮೇಲೆ 25 ಕಿ.ಮೀ. ವೇಗದಲ್ಲಿದ್ದಾಗ, ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದುಕೊಂಡರೆ, ಸೈಕಲ್ ನಿಲ್ಲುವ ಹೊತ್ತಿಗೆ ಸುಮಾರು 12 ಮೀಟರ್ ಕಳೆದಿರುತ್ತದೆ. 15 ಕಿ.ಮೀ. ಇದ್ದರೆ 6 ಮೀಟರ್ ಸಾಕು. ಸವಾರರನ್ನು ಕೆಡವುವ ನಾಯಿ ಬಹುತೇಕ ಹಿಂದಿನಿಂದ ಅಟ್ಟಿದ್ದಲ್ಲ, ಮುಂದಿನ ಚಕ್ರಕ್ಕೆ ಅಡ್ಡ ಬಂದದ್ದು. ಒಂದು ನಾಯಿ ಬಲಗಡೆಯಿಂದ ಬೊಗಳುತ್ತಾ ಬರುತ್ತದೆ, ಸವಾರನ ಕಣ್ಣು ಅತ್ತ ತಿರುಗಿರುವಾಗ ಎಡಗಡೆಯಿಂದ ಇನ್ನೊಂದು ನುಗ್ಗಿ ಚಕ್ರದಡಿ ಸಿಗುತ್ತದೆ. ಇಪ್ಪತ್ತು ಕಿಲೋ ತೂಗುವ ನಾಯಿ ಮುಂದಿನ ಚಕ್ರಕ್ಕೆ ಸಿಕ್ಕರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುವುದೇ. ವೇಗ ಇಳಿಸಿ ಎನ್ನುವ ಸಲಹೆಯ ಹಿಂದಿರುವುದು ಇದೇ ಲೆಕ್ಕ.

ವೇಗವೇ ಸರಿಯಾದ ಉತ್ತರವಾಗುವ ಸಂದರ್ಭವೂ ಒಂದಿದೆ: ಇಳಿಜಾರು, ಮುಂದೆ ರಸ್ತೆ ಖಾಲಿ, ನಾಯಿಗಳೆಲ್ಲ ಹಿಂದೆ, ಅದಾಗಲೇ 30 ದಾಟಿದ್ದೀರಿ. ಆಗ ನೇರವಾಗಿ ಹೋಗಿಬಿಡಿ, ಹಿಂದಿರುಗಿ ನೋಡಬೇಡಿ. ತಲೆ ತಿರುಗಿಸಿದ ಕಡೆಗೆ ಹ್ಯಾಂಡಲೂ ವಾಲುತ್ತದೆ.

ನಾಯಿ ಎದ್ದಾಗ

ದೂರದಿಂದಲೇ ಓದುವುದು ಅರ್ಧ ಕೆಲಸ. ಮಲಗಿದಲ್ಲೇ ಕಿವಿ ಅಲ್ಲಾಡಿಸುವ ನಾಯಿಯ ಚಿಂತೆ ಬೇಡ. ತಲೆ ತಗ್ಗಿಸಿ, ಮೈ ಬಿಗಿಮಾಡಿ, ಬಾಲವನ್ನು ಕಡ್ಡಿಯಂತೆ ಎತ್ತಿ, ಬಾಯಿ ಮುಚ್ಚಿಕೊಂಡು ನೋಡುತ್ತಿರುವ ನಾಯಿಯನ್ನು ಗಮನಿಸಬೇಕು. ಒಂದು ಕಂಡರೆ ಅದರ ಗುಂಪು ಎಲ್ಲಿದೆಯೆಂದು ಎರಡೂ ಬದಿ ಕಣ್ಣಾಡಿಸಿ. ಎರಡೂ ಕೈ ಬ್ರೇಕ್ ಲಿವರ್ ಮೇಲೆ ಬರಲಿ. ರಸ್ತೆಯಲ್ಲಿ ಜಾಗ ಇರುವಷ್ಟು ಮಟ್ಟಿಗೆ ನಾಯಿಯಿಂದ ದೂರ ಸರಿಯಿರಿ, ಆದರೆ ಹಿಂದೆ ಬಸ್ಸೋ ಟಿಪ್ಪರೋ ಬರುತ್ತಿದೆಯೇ ಎಂದು ನೋಡದೆ ಸರಿಯಬೇಡಿ.

ನಾಯಿ ಓಡಿ ಬಂದರೆ ಮೊದಲು ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ತಾನಾಗಿ ಉರುಳಲು ಬಿಡಿ. ಕಾಲಿನ ಆಟ ನಿಂತರೆ ಅಟ್ಟುವ ಹುಮ್ಮಸ್ಸೂ ಎಷ್ಟೋ ಸಲ ಅಲ್ಲಿಗೇ ಇಳಿಯುತ್ತದೆ. ದಪ್ಪ ದನಿಯಲ್ಲಿ ‘ಏಯ್! ಹಚ್ಚಾ!’ ಎನ್ನಿ. ಕಿರುಚಿದರೆ ನಾಯಿ ಇನ್ನಷ್ಟು ಕೆರಳುತ್ತದೆ; ದನಿ ಗದರುವಂತಿರಲಿ, ಚೀರುವಂತಿರುವುದು ಬೇಡ. ನೀರಿನ ಬಾಟಲಿ ಒತ್ತಿದರೆ ಚಿಮ್ಮುವಂಥದ್ದಿದ್ದರೆ ಮುಖಕ್ಕೆ ಒಂದು ಪಿಚಕಾರಿ ಹೊಡೆತ ಸಾಕು. ಆದರೆ ಬಾಟಲಿ ತೆಗೆಯಲು ಬಗ್ಗಬೇಕಾದ ಸ್ಥಿತಿಯಲ್ಲಿ, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಈ ಸಾಹಸಕ್ಕೆ ಹೋಗಬಾರದು.

ಇಷ್ಟಕ್ಕೂ ಬಗ್ಗದಿದ್ದರೆ ಇಳಿಯಿರಿ. ನಾಯಿ ಇರುವ ಬದಿಗೆ ವಿರುದ್ಧವಾಗಿ ಇಳಿದು ಸೈಕಲ್ಲನ್ನು ನಡುವೆ ತಡೆಯಾಗಿ ಹಿಡಿಯುವುದು ಮುಖ್ಯ. ಚೈನ್ ಇರುವ ಬಲಬದಿಯಿಂದ ಇಳಿದು ಅಭ್ಯಾಸ ಇಲ್ಲದವರು ಒಮ್ಮೆ ಮನೆ ಮುಂದೆ ಕಲಿತುಕೊಂಡರೆ ಒಳ್ಳೆಯದು. ಇಳಿದ ಮರುಗಳಿಗೆ ನಾಯಿಯ ಕಣ್ಣಿಗೆ ಅಟ್ಟಬೇಕಾದ ವಸ್ತು ಮಾಯವಾಗಿ ದಿನವೂ ನೋಡುವ ಎರಡು ಕಾಲಿನ ಮನುಷ್ಯ ನಿಂತಿರುತ್ತಾನೆ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಬೆನ್ನು ತೋರಿಸದೆ, ನಿಧಾನ ನಡೆಯುತ್ತಾ ಅದರ ಎಲ್ಲೆ ದಾಟಿ. ಗುಂಪಿದ್ದರೆ ಬೆನ್ನಿಗೆ ಗೋಡೆಯೋ ನಿಂತ ಕಾರೋ ಇರುವಂತೆ ನೋಡಿಕೊಳ್ಳಿ.

ಕಲ್ಲು ಎತ್ತಿಕೊಳ್ಳುವಂತೆ ಬಗ್ಗುವುದು ನಮ್ಮ ಬೀದಿನಾಯಿಗಳಿಗೆ ಚೆನ್ನಾಗಿ ಅರ್ಥವಾಗುವ ಭಾಷೆ, ಬಗ್ಗಿದ ಮಾತ್ರಕ್ಕೆ ಹತ್ತು ಹೆಜ್ಜೆ ಹಿಂದೆ ಹೋಗುತ್ತವೆ. ಕಲ್ಲು ಹೊಡೆಯುವುದು ಮಾತ್ರ ಬೇಡ. ನಾಳೆ ಅದೇ ಜಾಗದಲ್ಲಿ ಬರುವ ಇನ್ನೊಬ್ಬ ಸವಾರನ ಮೇಲೆ ಆ ನಾಯಿ ಬಡ್ಡಿ ಸಮೇತ ತೀರಿಸಿಕೊಳ್ಳುತ್ತದೆ. ಕಾಲಿನಿಂದ ಒದೆಯುವುದು ಅದಕ್ಕಿಂತ ಕೆಟ್ಟದ್ದು. ಒಂದು ಕಾಲು ಪೆಡಲ್ ಬಿಟ್ಟು ಹೊರಗೆ ಚಾಚಿದರೆ ತೂಕ ಒಂದು ಬದಿಗೆ ಸರಿಯುತ್ತದೆ, ಮೇಲಾಗಿ ಕಚ್ಚಲು ಕಾಲನ್ನು ನಾವೇ ನೀಡಿದಂತೆ. ಶೂ ಪೆಡಲ್‌ಗೆ ಸಿಕ್ಕಿಸಿಕೊಳ್ಳುವ ಕ್ಲೀಟ್ ಬಳಸುವವರು ಗೊತ್ತಿರುವ ನಾಯಿ ಮೂಲೆ ಬರುವ ಮೊದಲೇ ಒಂದು ಕಾಲನ್ನು ಬಿಡಿಸಿಕೊಂಡಿರಬೇಕು.

ಅಂಗಡಿಯಲ್ಲಿ ಮಾರುವ ಉಪಕರಣಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಟಿಣ್ ಎನ್ನುವ ಬೆಲ್ಲನ್ನು ನಾಯಿ ಲೆಕ್ಕಕ್ಕಿಡುವುದಿಲ್ಲ, ರಬ್ಬರ್ ಬುರುಡೆಯ ಭೋಂಪು ಹಾರ್ನ್ ಪರವಾಗಿಲ್ಲ. ಕೇಳಿಸದ ಸದ್ದು ಹೊರಡಿಸುವ ಅಲ್ಟ್ರಾಸೋನಿಕ್ ಡಬ್ಬಿಯನ್ನು ನಂಬಿ ಕೂರುವಂತಿಲ್ಲ. ಪೆಪ್ಪರ್ ಸ್ಪ್ರೇ ಎದುರುಗಾಳಿಗೆ ನಮ್ಮ ಕಣ್ಣಿಗೇ ಬರುತ್ತದೆ. ಹ್ಯಾಂಡಲ್‌ಗೆ ಕೋಲು ಕಟ್ಟಿಕೊಂಡರೆ ಬಿದ್ದಾಗ ಅದೇ ಹೊಟ್ಟೆಗೆ ಚುಚ್ಚೀತು. ಹೆಲ್ಮೆಟ್, ಗ್ಲೌಸ್, ನಸುಕಿನಲ್ಲಿ ರಸ್ತೆಯಂಚೂ ಕಾಣುವಷ್ಟು ಅಗಲ ಬೆಳಕಿನ ಮುಂದೀಪ ಇವು ನಿಜಕ್ಕೂ ಕೆಲಸಕ್ಕೆ ಬರುತ್ತವೆ.

ಉತ್ತರ ಕರ್ನಾಟಕದ ರಸ್ತೆಗಳಲ್ಲಿ ಲಾಂಗ್ ರೈಡ್ ಹೋಗುವವರಿಗೆ ಒಂದು ಮಾತು. ಕುರಿಹಿಂಡಿನ ಜೊತೆಗಿರುವ ನಾಯಿ ಬೀದಿನಾಯಿಯಂತಲ್ಲ. ಅದು ಕೆಲಸದ ಮೇಲಿದೆ, ಹಿಂಡಿಗೂ ನಿಮಗೂ ನಡುವೆ ನಿಂತೇ ನಿಲ್ಲುತ್ತದೆ. ಮುಧೋಳದ ತಳಿಯದಾಗಿದ್ದರೆ ವೇಗದ ಪ್ರಶ್ನೆಯೇ ಇಲ್ಲ. ಐವತ್ತು ಮೀಟರ್ ಮೊದಲೇ ಇಳಿದು, ‘ಅಣ್ಣಾರ, ನಾಯಿ ಹಿಡೀರಿ’ ಎಂದು ಕೂಗಿ, ಕುರುಬ ಕೈ ಎತ್ತಿದ ಮೇಲೆ ನಡೆದು ದಾಟುವುದೇ ಸರಿ.

ಹಲ್ಲು ತಾಗಿದರೆ

ಇಲ್ಲಿ ತಡ ಮಾಡುವಂತಿಲ್ಲ. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರ ನೋಡಿ ತೊಳೆಯಿರಿ, ಅಂದಾಜಿಗೆ ಬಿಟ್ಟರೆ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಜರ್ಸಿ ಜೇಬಿನಲ್ಲಿ ಸಣ್ಣ ಸೋಪಿನ ತುಂಡಿದ್ದರೆ ಹತ್ತಿರದ ಪೆಟ್ರೋಲ್ ಬಂಕಿನ ನಲ್ಲಿಯೇ ಸಾಕು. ಬಳಿಕ ಪೊವಿಡೋನ್ ಅಯೋಡಿನ್ ಎಂಬ ನಂಜುನಿವಾರಕ ಹಚ್ಚಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಬಿಗಿಯಾಗಿ ಪಟ್ಟಿ ಕಟ್ಟಬಾರದು. ಹೊಲಿಗೆ ಬೇಕೇ ಬೇಕೆನ್ನುವ ಗಾಯವಾದರೆ ಅದನ್ನು ವೈದ್ಯರೇ ಇಮ್ಯುನೊಗ್ಲೋಬ್ಯುಲಿನ್ (ಲಸಿಕೆ ಕೆಲಸ ಶುರುಮಾಡುವವರೆಗೆ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯದ ಔಷಧ) ಕೊಟ್ಟ ಮೇಲೆ ತೀರ್ಮಾನಿಸುತ್ತಾರೆ.

ಗಾಯವನ್ನು ಮೂರು ದರ್ಜೆಯಲ್ಲಿ ನೋಡುತ್ತಾರೆ. ಚರ್ಮ ಅಖಂಡವಾಗಿದ್ದು ನಾಯಿ ನೆಕ್ಕಿದ್ದರೆ ಒಂದನೆಯದು, ತೊಳೆದರೆ ಸಾಕು. ರಕ್ತ ಬಾರದ ಪರಚು ಎರಡನೆಯದು, ಲಸಿಕೆ ಬೇಕು. ಚರ್ಮ ಹರಿದ ಕಡಿತ, ರಕ್ತ ಬಂದ ಪರಚು, ಅಥವಾ ಮೊದಲೇ ಇದ್ದ ಗಾಯಕ್ಕೆ ನಾಯಿಯ ಜೊಲ್ಲು ತಾಗಿದ್ದು ಮೂರನೆಯದು. ಲಸಿಕೆಯ ಜೊತೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲೋಬ್ಯುಲಿನ್ ಚುಚ್ಚಲೇಬೇಕು. ಬಿದ್ದು ಮೊಣಕೈ ತರಚಿದ ಸವಾರ ಈ ಕೊನೆಯದನ್ನು ನೆನಪಿಡಬೇಕು. ನಾಯಿ ಕಚ್ಚಲಿಲ್ಲ, ಬರೀ ಮೂತಿ ತಾಗಿಸಿತು ಎಂದು ಬಿಟ್ಟರೂ, ತರಚಿದ ಜಾಗಕ್ಕೆ ಜೊಲ್ಲು ತಾಗಿದ್ದರೆ ಅದು ಮೂರನೇ ದರ್ಜೆಯೇ. ಪ್ಯಾಂಟಿನ ಬಟ್ಟೆ ಹರಿಯದಿದ್ದರೂ ಒಳಗೆ ಹಲ್ಲಿನ ಗುರುತು ಮೂಡಿರಬಹುದು, ಬಟ್ಟೆ ಸರಿಸಿ ಬೆಳಕಿನಲ್ಲಿ ನೋಡಿ.

ಲಸಿಕೆ ತೋಳಿಗೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ಹಳೆಯ ಕಾಲದ್ದು. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0 (ಅಂದರೆ ಮೊದಲ ಡೋಸಿನ ದಿನ), 3, 7, 28ನೇ ದಿನ, ಪ್ರತಿಸಲ ಎರಡು ಕಡೆ 0.1 ಮಿ.ಲೀ.; ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14, 28. ನಾಯಿಯನ್ನು ಹತ್ತು ದಿನ ಗಮನಿಸಬೇಕು ನಿಜ, ಆದರೆ ಆ ಹತ್ತು ದಿನ ಕಾದು ಆಮೇಲೆ ಲಸಿಕೆ ಎಂದಲ್ಲ. ಮೊದಲ ಡೋಸ್ ಅದೇ ದಿನ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ, ಹಾಗಾಗಿ ‘ಸಣ್ಣ ಗೀರು’ ಎಂಬ ಧೈರ್ಯಕ್ಕೆ ಬೆಲೆಯಿಲ್ಲ. ದಿನವೂ ನಸುಕಿನಲ್ಲಿ ತುಳಿಯುವವರು, ಸೈಕಲ್‌ನಲ್ಲಿ ಹಾಲು-ಪೇಪರ್ ಹಾಕುವವರು ಮುಂಚಿತವಾಗಿಯೇ ಮೂರು ಡೋಸ್ (0, 7, ಮತ್ತೆ 21 ಅಥವಾ 28ನೇ ದಿನ) ಹಾಕಿಸಿಕೊಂಡಿದ್ದರೆ, ಮುಂದೆ ಕಚ್ಚಿದಾಗ 0 ಮತ್ತು 3ನೇ ದಿನದ ಎರಡೇ ಡೋಸ್ ಸಾಕು, ಇಮ್ಯುನೊಗ್ಲೋಬ್ಯುಲಿನ್ ಬೇಕಾಗುವುದಿಲ್ಲ. ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ಸಿಗುವುದು ಕಷ್ಟವಾದದ್ದೇ ಈ ಇಮ್ಯುನೊಗ್ಲೋಬ್ಯುಲಿನ್. ಹೊರಊರಿಗೆ ಸೈಕಲ್ ಪ್ರವಾಸ ಹೋಗುವವರು ಮುಂಚಿತವಾಗಿ ಲಸಿಕೆ ಹಾಕಿಸಿಕೊಳ್ಳಲು ಇದೊಂದೇ ಕಾರಣ ಸಾಕು.

ನಾಯಿ ಅಲ್ಲೇ ಇರುತ್ತದೆ

ಸುಪ್ರೀಂ ಕೋರ್ಟ್ 2025ರ ಆಗಸ್ಟ್ 11ರಂದು ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಕ್ಕೆ ಹಾಕಿ ಎಂದಿತು. ಹನ್ನೊಂದೇ ದಿನಕ್ಕೆ, ಆಗಸ್ಟ್ 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು: ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು; ರೇಬೀಸ್ ಇರುವ ಅಥವಾ ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡಬಾರದು; ಊಟ ಹಾಕಲು ಗೊತ್ತುಮಾಡಿದ ಜಾಗ ಇರಬೇಕು. ನವೆಂಬರ್ 7ರ ಆದೇಶ ಶಾಲೆ-ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಬೇಕು, ಅವನ್ನು ಮರಳಿ ಅಲ್ಲಿಗೆ ಬಿಡಬಾರದು ಎಂದಿತು. ಹೆದ್ದಾರಿಯಿಂದ ಬಿಡಾಡಿ ದನಗಳನ್ನು ತೆಗೆಯುವ ಮಾತೂ ಅದರಲ್ಲಿತ್ತು.

ಸೈಕಲ್ ಸವಾರನ ಕಣ್ಣಿನಿಂದ ಓದಿದರೆ ಈ ಆದೇಶಗಳು ಹೇಳುವುದಿಷ್ಟು: ನೀವು ದಿನವೂ ಹಾದುಹೋಗುವ ಅಡ್ಡರಸ್ತೆಯ ನಾಯಿ ಅಲ್ಲೇ ಇರುತ್ತದೆ. ಸಂತಾನಹರಣವಾದರೂ ಅದು ಅಟ್ಟುವುದನ್ನು ಬಿಡುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಮರಿಗಳು ಕಡಿಮೆಯಾಗುತ್ತವೆ, ಹಾಗಾಗಿ ಮರಿ ಕಾಯುವ ತಾಯಿಯ ಸಿಟ್ಟು ಮತ್ತು ಬೆದೆಯ ಕಾಲದ ಗುಂಪುಗಾರಿಕೆ ಕಡಿಮೆಯಾಗುತ್ತದೆ. ಎಲ್ಲೆ ಕಾಯುವ ಅಭ್ಯಾಸ ಉಳಿಯುತ್ತದೆ. ಇದನ್ನು ಒಪ್ಪಿಕೊಳ್ಳದೆ ‘ಆಪರೇಷನ್ ಮಾಡಿದ್ದೇವಲ್ಲ’ ಎನ್ನುವ ಪಾಲಿಕೆಯ ಉತ್ತರವೂ, ‘ಆಪರೇಷನ್‌ನಿಂದ ಏನೂ ಉಪಯೋಗವಿಲ್ಲ’ ಎನ್ನುವ ನಿವಾಸಿಗಳ ಸಿಟ್ಟೂ ಅರ್ಧಸತ್ಯವೇ. ಬೆಂಗಳೂರಿನಲ್ಲಿ 2019ರ ಗಣತಿಯಲ್ಲಿ ಸುಮಾರು 3.1 ಲಕ್ಷ ಇದ್ದ ನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದವು, ಅಂದರೆ ಯೋಜನೆ ಕೆಲಸ ಮಾಡುತ್ತದೆ. ಆದರೆ ನಾಲ್ಕು ವರ್ಷಕ್ಕೆ ನೂರಕ್ಕೆ ಹತ್ತರ ಇಳಿಕೆ ಬೀದಿಯಲ್ಲಿ ಕಣ್ಣಿಗೆ ಕಾಣುವಂಥದ್ದಲ್ಲ.

ಕಿವಿಯ ತುದಿ ಕತ್ತರಿಸಿದ್ದರೆ ಆ ನಾಯಿಗೆ ಸಂತಾನಹರಣವಾಗಿದೆ ಎಂದರ್ಥ. ಆಗ ಲಸಿಕೆಯೂ ಹಾಕಿರುತ್ತಾರೆ, ಆದರೆ ರೇಬೀಸ್ ಲಸಿಕೆಯನ್ನು ವರ್ಷವರ್ಷ ಹಾಕಬೇಕು. ಕಿವಿಯ ಗುರುತು ನೋಡಿ ಕಡಿತವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಒಂದು ಪ್ರದೇಶದ ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆಯಾದರೆ ರೇಬೀಸ್ ಹರಡುವ ಸರಪಳಿ ತುಂಡಾಗುತ್ತದೆ. ಹಾಗಾಗಿ ದೂರು ಕೊಡುವಾಗ ‘ನಾಯಿ ಹಿಡಿದುಕೊಂಡು ಹೋಗಿ’ ಎನ್ನುವುದಕ್ಕಿಂತ ‘ಈ ಗುಂಪಿನಲ್ಲಿ ಕಿವಿಗುರುತಿಲ್ಲದ ಇಷ್ಟು ನಾಯಿಗಳಿವೆ, ಮರಿಗಳಿವೆ, ಕಸ ಇಲ್ಲಿ ಬೀಳುತ್ತಿದೆ, ಇಷ್ಟು ಹೊತ್ತಿಗೆ ಅಟ್ಟುತ್ತವೆ’ ಎಂದರೆ ಕೆಲಸ ಆಗುವ ಸಾಧ್ಯತೆ ಹೆಚ್ಚು. ಬೆಂಗಳೂರಿನಲ್ಲಿ ದೂರಿನ ಸಂಖ್ಯೆ 1533. ಪ್ರಾಣಿ ಜನನ ನಿಯಂತ್ರಣ ನಿಯಮ 2023ರ ಪ್ರಕಾರ ಊಟ ಹಾಕುವ ಜಾಗ ಮಕ್ಕಳು ಆಡುವ ತಾಣ, ಮೆಟ್ಟಿಲು, ಕಟ್ಟಡದ ಬಾಗಿಲುಗಳಿಂದ ದೂರವಿರಬೇಕು. ಆ ಪಟ್ಟಿಗೆ ದ್ವಿಚಕ್ರದವರು ವೇಗ ಇಳಿಸಲೇಬೇಕಾದ ತಿರುವು ಮತ್ತು ಹಂಪ್‌ಗಳನ್ನೂ ಸೇರಿಸಿಕೊಂಡು ಜಾಗ ಗೊತ್ತುಮಾಡಿದರೆ ಖರ್ಚಿಲ್ಲದೆ ಅರ್ಧ ತಂಟೆ ತಪ್ಪುತ್ತದೆ. ಅನ್ನ ಹಾಕುವವರನ್ನು ಬೈಯುವುದಕ್ಕಿಂತ ‘ಅಕ್ಕಾ, ಇಪ್ಪತ್ತು ಮೀಟರ್ ಒಳಗೆ ಹಾಕ್ತೀರಾ?’ ಎಂದು ಕೇಳಿದರೆ ಬೇಗ ಫಲ ಸಿಗುತ್ತದೆ.

ಮೇಲಿಂದ ಬರುವವು

ಹಕ್ಕಿಗಳ ವಿಷಯ ಇಷ್ಟು ಜಟಿಲವಲ್ಲ. ಅವು ಎರಗುವುದು ಗೂಡಿಗಾಗಿ, ಅದೂ ವರ್ಷದ ಕೆಲವೇ ವಾರ. ಬೆಂಗಳೂರಿನಂಥ ಊರುಗಳಲ್ಲಿ ಕರಿಹದ್ದು ಚಳಿಗಾಲದಿಂದ ಬೇಸಿಗೆಯವರೆಗೆ ಗೂಡು ಕಟ್ಟುತ್ತದೆ, ಕಾಗೆ ಬೇಸಿಗೆಯಿಂದ ಮುಂಗಾರಿನ ಮೊದಲ ಮಳೆಯವರೆಗೆ. ಮೊಟ್ಟೆಯ ಕಾಲಕ್ಕಿಂತ ಮರಿ ಬಲಿತು ಹಾರಲು ಕಲಿಯುವ ಕಾಲದಲ್ಲಿ ಸಿಟ್ಟು ಹೆಚ್ಚು. ದೆಹಲಿಯ ಕರಿಹದ್ದುಗಳ ಮೇಲೆ ನಡೆದ ಅಧ್ಯಯನವೊಂದು, ಬೀದಿಯಲ್ಲಿ ಕಸ ಹೆಚ್ಚಿರುವ ಮತ್ತು ಜನ ಹದ್ದಿಗೆ ಮಾಂಸ ಎಸೆಯುವ ಕಡೆಗಳಲ್ಲಿ ಅವು ಮನುಷ್ಯರ ಮೇಲೆ ಎರಗುವುದೂ ಹೆಚ್ಚು ಎಂದು ತೋರಿಸಿದೆ. ನಾಯಿಗೂ ಹದ್ದಿಗೂ ಊಟ ಒಂದೇ ಮೂಲೆಯಿಂದ.

ಹದ್ದು, ಕಾಗೆ ಬಹುಮಟ್ಟಿಗೆ ಹಿಂದಿನಿಂದಲೇ ಬರುತ್ತವೆ. ಹೆಲ್ಮೆಟ್ ಇದ್ದರೆ ಉಗುರು ಅದಕ್ಕೆ ಗೀರುತ್ತದೆ, ಅಷ್ಟೇ. ಏಟಿಗಿಂತ ಬೆಚ್ಚಿಬೀಳುವುದರಿಂದ ಆಗುವ ಹಾನಿ ಹೆಚ್ಚು: ತಲೆಯ ಮೇಲೆ ಕೈ ಬೀಸಿದ ಕ್ಷಣ ಸೈಕಲ್ ರಸ್ತೆಯ ನಡುವಿಗೆ ವಾಲುತ್ತದೆ. ಎರಡೂ ಕೈ ಹ್ಯಾಂಡಲ್ ಮೇಲಿಟ್ಟು ನೇರ ಸಾಗಿ, ಇಲ್ಲವೇ ಇಳಿದು ಹಕ್ಕಿಯತ್ತ ಮುಖ ಮಾಡಿ ನಡೆಯಿರಿ. ಒಂದು ತಿಂಗಳು ಆ ಮರದ ದಾರಿ ಬದಲಿಸಿದರೆ ತೊಂದರೆ ತಾನೇ ಮುಗಿಯುತ್ತದೆ. ಕೆರೆ ಏರಿಯ ಮೇಲೆ ಟಿಟ್ಟಿಭ ಕಿರುಚುತ್ತಾ ಮುಖದ ಮೇಲೇ ಬಂದಂತೆ ಮಾಡಿದರೂ ಮುಟ್ಟುವುದು ಅಪರೂಪ. ಅದರ ಮೊಟ್ಟೆ ಜಲ್ಲಿಕಲ್ಲಿನ ನಡುವೆ ನೆಲದಲ್ಲೇ ಇರುತ್ತದೆ, ದಾರಿ ಬಿಟ್ಟು ಪಕ್ಕಕ್ಕಿಳಿಯಬೇಡಿ. ಹಕ್ಕಿಯಿಂದ ರೇಬೀಸ್ ಬರುವುದಿಲ್ಲ. ಗೀರಿದರೆ ತೊಳೆದು, ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷವಾಯಿತೆಂದು ನೋಡಿಕೊಂಡರೆ ಆಯಿತು.

ಹಕ್ಕಿಗಳ ಎರಗುವಿಕೆ ನಿಜಕ್ಕೂ ಸಾರ್ವಜನಿಕ ಸಮಸ್ಯೆಯಾಗಿರುವುದು ಆಸ್ಟ್ರೇಲಿಯಾದಲ್ಲಿ. ಮೆಲ್ಬರ್ನ್, ಸಿಡ್ನಿ, ಬ್ರಿಸ್ಬೇನ್‌ಗಳಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಅಲ್ಲಿನ ಕಪ್ಪು-ಬಿಳಿ ಮ್ಯಾಗ್‌ಪೈ ಹಕ್ಕಿಯ ಪರಿಚಯ ಮೊದಲ ವಸಂತದಲ್ಲೇ ಆಗುತ್ತದೆ. ಅಲ್ಲಿ ವಸಂತವೆಂದರೆ ಸೆಪ್ಟೆಂಬರ್. ಎರಗುವುದು ಬಹುತೇಕ ಗಂಡು, ಅದರಲ್ಲೂ ಕೆಲವೇ ಕೆಲವು. ಆದರೆ ಎರಗುವ ಹಕ್ಕಿಗೆ ಮುಖದ ನೆನಪಿರುತ್ತದೆ, ವರ್ಷಗಟ್ಟಲೆ ಅದೇ ಜಾಗದಲ್ಲಿರುತ್ತದೆ, ಕೆಲವು ಹಕ್ಕಿಗಳಿಗಂತೂ ಸೈಕಲ್ ಸವಾರರ ಮೇಲೇ ವಿಶೇಷ ಹಗೆ. 2019ರ ಸೆಪ್ಟೆಂಬರ್‌ನಲ್ಲಿ ಸಿಡ್ನಿಯ ದಕ್ಷಿಣಕ್ಕಿರುವ ವೂನೋನಾದಲ್ಲಿ 76 ವರ್ಷದ ಸವಾರರೊಬ್ಬರು ಮ್ಯಾಗ್‌ಪೈ ತಪ್ಪಿಸಲು ಹೋಗಿ ಬೇಲಿಯ ಕಂಬಕ್ಕೆ ಬಡಿದು ತೀರಿಕೊಂಡರು. ಕೊಂದದ್ದು ಕೊಕ್ಕಲ್ಲ, ತಿರುವು. ಹೆಲ್ಮೆಟ್‌ಗೆ ಮುಳ್ಳಿನಂತೆ ಕೇಬಲ್ ಟೈ ಕಟ್ಟಿಕೊಳ್ಳುವುದು ಅಲ್ಲಿ ಜನಪ್ರಿಯ, ನೋಡಲೂ ತಮಾಷೆ. ಎಲ್ಲ ಹಕ್ಕಿಗೂ ಅದು ನಾಟುತ್ತದೆಂದು ಹೇಳಲಾಗದು. ಸ್ಥಳೀಯ ಆಡಳಿತಗಳ ಸಲಹೆ ಸರಳ: ಕಣ್ಣಿಗೆ ಕನ್ನಡಕ ಹಾಕಿ, ಹಕ್ಕಿ ಎರಗುತ್ತದೆಂಬ ಎಚ್ಚರಿಕೆ ಫಲಕ ಕಂಡಲ್ಲಿ ಇಳಿದು ನಡೆಯಿರಿ, ಸಾಧ್ಯವಾದರೆ ಬೇರೆ ದಾರಿ ಹಿಡಿಯಿರಿ. ಅದು ಸಂರಕ್ಷಿತ ಹಕ್ಕಿ, ಕಲ್ಲು ಹೊಡೆದರೆ ಕಾನೂನೂ ನಿಮ್ಮ ವಿರುದ್ಧ, ಹಕ್ಕಿಯ ನೆನಪೂ ನಿಮ್ಮ ವಿರುದ್ಧ.

ಹೆಜ್ಜೇನು, ಕೋತಿ, ದನ, ಆನೆ

ಹೆಜ್ಜೇನು ಎದ್ದರೆ ಮೇಲೆ ಹೇಳಿದ್ದನ್ನೆಲ್ಲ ಮರೆತುಬಿಡಿ. ಇಲ್ಲಿ ನಿಲ್ಲಬಾರದು, ಇಳಿಯಬಾರದು, ಕೈ ಬೀಸಬಾರದು. ಒಂದು ಹುಳ ಚುಚ್ಚಿದಾಗ ಹೊರಡುವ ವಾಸನೆ ಉಳಿದವಕ್ಕೆ ಗುರಿ ತೋರಿಸುತ್ತದೆ, ಹಾಗಾಗಿ ಒಂದು ಚುಚ್ಚಿದ ಜಾಗದಲ್ಲೇ ಹತ್ತು ಬರುತ್ತವೆ. ತಲೆ ತಗ್ಗಿಸಿ, ಸಾಧ್ಯವಾದಷ್ಟು ವೇಗವಾಗಿ ತುಳಿದು ಮನೆ, ಬಸ್ಸು, ಗಾಜು ಏರಿಸಿದ ಕಾರು ಯಾವುದಾದರೂ ಮುಚ್ಚಿದ ಜಾಗ ಸೇರಿ. ಹೆಲ್ಮೆಟ್ ತೂತಿನಲ್ಲಿ ಸಿಕ್ಕಿಕೊಂಡ ಹುಳ ಸೈಕಲ್ ಸವಾರನಿಗೆ ಮಾತ್ರ ಬರುವ ಪೀಡೆ, ಒಳಗೆ ತೆಳು ಟೋಪಿ ಹಾಕಿಕೊಂಡರೆ ತಪ್ಪುತ್ತದೆ. ಕೊಂಡಿಯನ್ನು ಉಗುರಿನಿಂದ ಕೆರೆದು ತೆಗೆಯಿರಿ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದು ಮುಖ್ಯ. ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ 108ಕ್ಕೆ ಕರೆ ಮಾಡಿ.

ನಂದಿ ಬೆಟ್ಟದ ಏರು ಬೆಂಗಳೂರಿನ ಸೈಕಲ್ ಮಂದಿಗೆ ವಾರಾಂತ್ಯದ ತೀರ್ಥಯಾತ್ರೆ. ಅಲ್ಲಿನ ಕೋತಿಗಳಿಗೆ ಬಾಳೆಹಣ್ಣು ಜರ್ಸಿಯ ಹಿಂಜೇಬಿನಲ್ಲಿರುತ್ತದೆಂದು ಗೊತ್ತು. ತಿನ್ನುವುದನ್ನು ಏರು ಶುರುವಾಗುವ ಮೊದಲೇ ಮುಗಿಸಿ, ಹ್ಯಾಂಡಲ್‌ಗೆ ಪ್ಲಾಸ್ಟಿಕ್ ಕವರ್ ನೇತುಹಾಕಬೇಡಿ. ಹಲ್ಲು ಕಾಣುವಂತೆ ನಕ್ಕರೂ ದಿಟ್ಟಿಸಿದರೂ ಕೋತಿಗೆ ಅದು ಸವಾಲು. ಕಿತ್ತುಕೊಂಡದ್ದನ್ನು ಮರಳಿ ಎಳೆಯಲು ಹೋದವರೇ ಹೆಚ್ಚಾಗಿ ಕಚ್ಚಿಸಿಕೊಳ್ಳುವುದು. ಕೋತಿ ಕಚ್ಚಿದರೂ ರೇಬೀಸ್ ಲಸಿಕೆಯ ಕ್ರಮ ಮೇಲಿನದೇ.

ದನ ಸಾಮಾನ್ಯವಾಗಿ ಮುಂದಕ್ಕೇ ನಡೆಯುತ್ತದೆ, ಆದ್ದರಿಂದ ಅದರ ಹಿಂಬದಿಯಿಂದ, ಒದೆ ತಾಗದಷ್ಟು ದೂರದಲ್ಲಿ ದಾಟಿ. ಹಸು ಒಂದು ಬದಿ, ಕರು ಇನ್ನೊಂದು ಬದಿ ಇದ್ದರೆ ನಡುವೆ ನುಗ್ಗಬೇಡಿ. ಸಂಜೆ ಹೊತ್ತು ರಸ್ತೆಯ ಒಂದು ಬದಿ ಎಮ್ಮೆ, ಇನ್ನೊಂದು ಬದಿ ಅದರ ಯಜಮಾನ ಇದ್ದರೆ ನಡುವೆ ಹಗ್ಗ ಇದ್ದೇ ಇರುತ್ತದೆ.

ಆನೆಯ ಬಗ್ಗೆ ತಂತ್ರ ಹೇಳುವುದೇ ತಪ್ಪು. ಎದುರಾಗದಂತೆ ನೋಡಿಕೊಳ್ಳುವುದೊಂದೇ ದಾರಿ. ಆನೆ ಗಂಟೆಗೆ 25 ಕಿ.ಮೀ. ವೇಗ ಮುಟ್ಟುತ್ತದೆ, ಏರುದಾರಿಯಲ್ಲಿ ಲೋಡ್ ಹೊತ್ತ ಸೈಕಲ್ 10 ದಾಟುವುದಿಲ್ಲ. ಗುಂಡ್ಲುಪೇಟೆಯಿಂದ ವಯನಾಡಿನ ಕಡೆಗೆ ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಆದರೆ ಸೈಕಲ್ ಸವಾರನಿಗೆ ಆರು ಗಂಟೆಯೂ ಬೇಗವೇ. ಬಿಸಿಲು ಬಿದ್ದು, ಲಾರಿ-ಬಸ್ಸುಗಳ ಓಡಾಟ ಶುರುವಾದ ಮೇಲೆ ಕಾಡು ಹೊಕ್ಕು, ಮಧ್ಯಾಹ್ನ ಇಳಿಯುವ ಮೊದಲು ಹೊರಬರುವಂತೆ ಲೆಕ್ಕ ಹಾಕಿ. ಸಕಲೇಶಪುರ, ಆಲೂರು, ಕೊಡಗಿನ ತೋಟದ ರಸ್ತೆಗಳಲ್ಲಿ ಹೊರಡುವ ಮೊದಲು ಚಹಾ ಅಂಗಡಿಯಲ್ಲಿ ‘ಆನೆ ಎಲ್ಲಿದೆ ಈಗ?’ ಎಂದು ಕೇಳಿ. ತೋಟದ ಕೆಲಸಕ್ಕೆ ಹೋಗುವವರಿಗೆ ಅರಣ್ಯ ಇಲಾಖೆಯ ಸಂದೇಶ ಫೋನಿಗೇ ಬಂದಿರುತ್ತದೆ. ಹಸಿ ಲದ್ದಿ, ಆಗತಾನೇ ಮುರಿದ ಬಿದಿರು ಕಂಡರೆ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ. ದೂರದಲ್ಲಿ ಆನೆ ಕಂಡರೆ ಫೋನ್ ತೆಗೆಯದೆ ಅಲ್ಲೇ ನಿಂತು, ಹಿಂದಿನಿಂದ ಬರುವ ಬಸ್ಸಿಗೋ ಜೀಪಿಗೋ ಕೈ ಅಡ್ಡ ಹಾಕಿ. ಸೈಕಲ್ ಹತ್ತಿಸಿಕೊಳ್ಳಲು ಜಾಗವಿಲ್ಲ ಎಂದರೆ ಸೈಕಲ್ಲನ್ನು ಅಲ್ಲೇ ಬಿಟ್ಟು ಹತ್ತಿ.